ರನ್ನ ಎಷ್ಟು ಎಂಬಿ?

ಮುಧೋಳ ಅಂದ್ರೆ ಹಾಸ್ಟೆಲಿನಲ್ಲಿ ಮೊದಲು ಬರೋ ಮಾತು ಬೇಟೆನಾಯಿಯದು, ಆಮೇಲೆ ಕಬ್ಬಿನದು. ಪಿಯುಸಿ ಕನ್ನಡ ಪುಸ್ತಕ ನೆನಪಿಟ್ಟವರು ಯಾರಾದರೂ ಇದ್ದರೆ ಮೂರನೆಯದಾಗಿ ರನ್ನನ ಹೆಸರು ಬರುತ್ತದೆ. ಪಂಪ, ಪೊನ್ನ, ರನ್ನ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿಬಿಡ್ತೇವೆ. ಗದಾಯುದ್ಧ ಬರೆದವನು, ಹತ್ತನೆಯ ಶತಮಾನದವನು. ಅಲ್ಲಿಗೆ ಎರಡು ಅಂಕದ ಉತ್ತರ ಆಯ್ತು.

ಈ ಸಲ ನಾವು ಅವನ ಜೀವನವನ್ನು ನಮಗೆ ದಿನಾ ಬೇಕಾಗೋ ಲೆಕ್ಕದಲ್ಲೇ, ಅಂದರೆ ಬಿಟ್, ಬೈಟ್, ಕೆಬಿ, ಎಂಬಿ ಲೆಕ್ಕದಲ್ಲಿ ನೋಡೋಣ ಅಂದುಕೊಂಡೆವು. ಬರೀ ತಮಾಷೆಗೆ ಅಲ್ಲ. ರನ್ನನ ಕೃತಿಗಳಲ್ಲಿ ಕೆಲವು ನಮ್ಮ ಕೈಗೆ ಬಂದಿವೆ, ಕೆಲವು ಬರಲೇ ಇಲ್ಲ. ಯಾಕೆ ಬರಲಿಲ್ಲ ಅಂತ ಯೋಚನೆ ಮಾಡ್ತಾ ಹೋದರೆ ಅದು ಕೊನೆಗೆ ಸಂಗ್ರಹದ ಪ್ರಶ್ನೆಯೇ ಆಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡ್ತೇವೆ: ಕನ್ನಡದಲ್ಲಿ ಎಂಬಿ ಅಂತ ಬರೆದರೆ ಮೆಗಾಬಿಟ್ಟೋ ಮೆಗಾಬೈಟೋ ತಿಳಿಯೋದಿಲ್ಲ. ಈ ಬರಹದಲ್ಲಿ ಎಂಬಿ ಅಂದರೆ ಮೆಗಾಬೈಟ್ ಅಂತಲೇ ಓದಿಕೊಳ್ರಿ.

ಬೆಳುಗಲಿ-500, ಜಂಬುಖಂಡಿ-70, ಮುದುವೊಳಲು

ರನ್ನ ಹುಟ್ಟಿದ್ದು ಕ್ರಿ.ಶ. 949ರಲ್ಲಿ, ಮುದುವೊಳಲಿನಲ್ಲಿ. ಅದೇ ಇಂದಿನ ಮುಧೋಳ. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ತನ್ನ ಊರಿನ ವಿಳಾಸವನ್ನು ರನ್ನ ಅಚ್ಚುಕಟ್ಟಾಗಿ ಹೇಳಿಕೊಂಡಿದ್ದಾನೆ. ಬೆಳುಗಲಿ-500 ಅನ್ನೋ ನಾಡು, ಅದರೊಳಗೆ ಜಂಬುಖಂಡಿ-70, ಅದರೊಳಗೆ ಮುದುವೊಳಲು. ಜಂಬುಖಂಡಿ ಅಂದರೆ ನಮ್ಮ ಜಮಖಂಡಿ. ಬೆಳುಗಲಿಯ ಹೆಸರು ಮುಧೋಳ ತಾಲ್ಲೂಕಿನ ರನ್ನಬೆಳಗಲಿಯಲ್ಲಿ ಇನ್ನೂ ಉಳಿದಿದೆ.

ಆ ಕಾಲದಲ್ಲಿ ನಾಡಿನ ಹೆಸರಿನ ಜೊತೆಗೇ ಒಂದು ಸಂಖ್ಯೆ ಇರ್ತಿತ್ತು. ಬನವಾಸಿ-12000, ಬೆಳ್ವೊಲ-300, ಹೀಗೆ. ಅದು ಹಳ್ಳಿಗಳ ಲೆಕ್ಕ ಅಂತ ಹೆಚ್ಚಿನವರು ಹೇಳ್ತಾರೆ. ನಮ್ಮ ಕಣ್ಣಿಗೆ ಇದು ಥೇಟ್ ಕಂಪ್ಯೂಟರಿನ ಫೋಲ್ಡರ್ ದಾರಿಯ ಹಾಗೆ ಕಾಣುತ್ತದೆ. ದೊಡ್ಡ ಫೋಲ್ಡರ್, ಅದರೊಳಗೆ ಸಣ್ಣದು, ಅದರೊಳಗೆ ಫೈಲು. ಮೇಲಾಗಿ ಪ್ರತಿ ಫೋಲ್ಡರಿನ ಗಾತ್ರವೂ ಹೆಸರಿನಲ್ಲೇ ಬರೆದಿದೆ. ಇವತ್ತು ಅದೇ ಸೀಮೆ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಅಂತ ಬೇರೆ ಬೇರೆ ತಾಲ್ಲೂಕುಗಳಾಗಿ ಹಂಚಿಹೋಗಿದೆ. ಫೋಲ್ಡರಿನ ಹೆಸರು ಬದಲಾಯಿತು, ಘಟಪ್ರಭೆ ಮಾತ್ರ ಅಲ್ಲೇ ಹರೀತಾ ಇದೆ.

ಬಳೆಯ ಅಳತೆ

ರನ್ನನದು ಬಳೆಗಾರರ ಮನೆತನ. ಬಳೆ ಮಾರುವ ಮನೆಯಿಂದ ಬಂದವನು ಮುಂದೆ ಚಕ್ರವರ್ತಿಯ ಆಸ್ಥಾನದಲ್ಲಿ ಕೂತ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಈಗ ಬಳೆ ಅಂಗಡಿಯ ಒಂದು ಲೆಕ್ಕ ಹೇಳ್ತೇವೆ. ಇದು ಇಂಚು ಬಂದ ಮೇಲಿನದು, ರನ್ನನ ಕಾಲದ್ದಲ್ಲ. ಆದರೆ ನಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದಿಲ್ಲ. ಅಮ್ಮ ಅಥವಾ ಅಕ್ಕ ಬಳೆ ಕೊಳ್ಳುವಾಗ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಅಂತ ಸೈಜ್ ಹೇಳೋದನ್ನು ಕೇಳಿರ್ತೀರಿ. ಚೀಟಿಯ ಮೇಲೆ 2.4, 2.6, 2.8 ಅಂತ ಬರೆದಿರ್ತಾರೆ. ನಾವು ಇಂಜಿನಿಯರಿಂಗ್ ಮಂದಿ, ದಶಮಾಂಶ ಅಂತ ಓದಿಬಿಡ್ತೇವೆ. ಅದು ದಶಮಾಂಶ ಅಲ್ಲ. ಚುಕ್ಕೆಯ ಆಚೆ ಇರೋದು ಇಂಚಿನ ಹದಿನಾರನೆಯ ಭಾಗಗಳು. 2.8 ಅಂದರೆ 2 ಇಂಚು ಮತ್ತು 16ರಲ್ಲಿ 8 ಭಾಗ, ಅಂದರೆ ಎರಡೂವರೆ ಇಂಚು ವ್ಯಾಸ, 63.5 ಮಿಲಿಮೀಟರ್. 2.4 ಅಂದರೆ ಎರಡೂಕಾಲು ಇಂಚು. ಹಾಗಾಗಿ 2.10 ಅನ್ನೋ ಬಳೆ 2.8ಕ್ಕಿಂತ ದೊಡ್ಡದು! ಬಳೆ ಮಾರುವವರಿಗೆ ಇದು ಬೆರಳ ತುದಿಯಲ್ಲಿರುವ ಲೆಕ್ಕ. ಅವರು ಹೇಳುವ ಸಂಖ್ಯೆಯ ಬುಡದಲ್ಲಿ 10 ಇಲ್ಲ, 16 ಇದೆ.

ಇದನ್ನು ನೆನಪಿಟ್ಟುಕೊಳ್ರಿ. ಕೆಬಿ, ಎಂಬಿ, ಜಿಬಿ ಲೆಕ್ಕದಲ್ಲಿ ಆಗುವ ಗೊಂದಲವೂ ಇದೇ ಜಾತಿಯದು. ಸಂಖ್ಯೆ ಸರಿಯಾಗೇ ಇರುತ್ತದೆ, ಅದರ ಬುಡ ಯಾವುದು ಅಂತ ಕೇಳೋದನ್ನು ಮರೀತೇವೆ.

ಬಂಡೆಯ ಮೇಲೆ 21 ಬೈಟ್

ಓದುವ ಹಂಬಲದಿಂದ ರನ್ನ ಊರು ಬಿಟ್ಟು ದಕ್ಷಿಣಕ್ಕೆ, ಗಂಗರ ಸೀಮೆಗೆ ಹೋದ. ಅಜಿತಸೇನಾಚಾರ್ಯರು ಅವನ ಗುರುಗಳು. ಆಶ್ರಯ ಕೊಟ್ಟವನು ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದವನು ಇವನೇ. ಆ ಉಪಕಾರವನ್ನು ರನ್ನ ಮರೆಯಲಿಲ್ಲ. ತನ್ನ ಮಗನಿಗೆ ರಾಯ ಅಂತ ಹೆಸರಿಟ್ಟ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಅನ್ನೋ ಹೆಸರು ಕೆತ್ತಿದೆ. ಅದು ನಮ್ಮ ರನ್ನನದೇ ಅಂತ ವಿದ್ವಾಂಸರು ಹೇಳ್ತಾರೆ. ಆ ಹೆಸರನ್ನು ಇವತ್ತು ನಮ್ಮ ಮೊಬೈಲಿನಲ್ಲಿ ಒತ್ತಿದರೆ ಎಷ್ಟು ಜಾಗ ಹಿಡಿಯುತ್ತದೆ ನೋಡೋಣ.

ಕಂಪ್ಯೂಟರಿನ ಅತಿ ಸಣ್ಣ ತುಣುಕು ಬಿಟ್, 0 ಅಥವಾ 1. ಎಂಟು ಬಿಟ್ ಸೇರಿದರೆ ಒಂದು ಬೈಟ್. ಬೈಟ್ ಅನ್ನೋ ಪದವನ್ನು 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ ಹುಟ್ಟುಹಾಕಿದರು. ಅದು ಎಂಟೇ ಬಿಟ್ ಅಂತ ಗಟ್ಟಿಯಾದದ್ದು 1964ರ ಸಿಸ್ಟಂ/360 ಯಂತ್ರಗಳು ಬಂದ ಮೇಲೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಸಂಕೇತ ಅಂದರೆ ಇಡೀ ಅಕ್ಷರ ಅಲ್ಲ. ಮೂಲ ಅಕ್ಷರ ಒಂದು ಸಂಕೇತ, ಅದರ ಕೊಂಬು, ಗುಡಿಸು, ದೀರ್ಘ ಬೇರೆ ಸಂಕೇತ, ಒತ್ತಕ್ಷರಕ್ಕೆ ನಡುವೆ ಬರುವ ಹಲಂತವೂ ಒಂದು ಸಂಕೇತ.

ಕವಿರತ್ನ ಅನ್ನೋದನ್ನು ಬಿಡಿಸಿದರೆ: ಕ, ವ, ಗುಡಿಸು, ರ, ತ, ಹಲಂತ, ನ. ಒಟ್ಟು 7 ಸಂಕೇತ. 7ನ್ನು 3ರಿಂದ ಗುಣಿಸಿದರೆ 21 ಬೈಟ್, ಅದನ್ನು 8ರಿಂದ ಗುಣಿಸಿದರೆ 168 ಬಿಟ್. ರನ್ನ ಅಂತ ಬರೆದರೆ 4 ಸಂಕೇತ, 12 ಬೈಟ್. ಮುಧೋಳ 15 ಬೈಟ್, ಬೀಳಗಿ 15, ಜಮಖಂಡಿ 18. ರಬಕವಿ-ಬನಹಟ್ಟಿಗೆ ನಡುವಿನ ಗೆರೆಯ ಒಂದು ಬೈಟೂ ಸೇರಿ 37. ಬೇಕಾದರೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಅದರ ಪ್ರಾಪರ್ಟೀಸ್ ನೋಡ್ರಿ. ಬಂಡೆಯ ಮೇಲಿನ ಆ 21 ಬೈಟ್‌ಗೆ ಸಾವಿರ ವರ್ಷದಿಂದ ಕರೆಂಟೂ ಬೇಕಾಗಿಲ್ಲ, ಚಾರ್ಜೂ ಬೇಕಾಗಿಲ್ಲ.

ಹದಿನೆಂಟು ದಿನ, ಒಂದು ದಿನದೊಳಗೆ

ಗಂಗರ ಬಲ ಕುಗ್ಗಿತು. ಕಲ್ಯಾಣದ ಚಾಲುಕ್ಯರು ಎದ್ದರು. ರನ್ನ ಉತ್ತರಕ್ಕೆ ತಿರುಗಿ ಬಂದು ಇಮ್ಮಡಿ ತೈಲಪನ ಆಸ್ಥಾನ ಸೇರಿದ, ಕವಿಚಕ್ರವರ್ತಿ ಅನ್ನೋ ಬಿರುದು ಪಡೆದ. ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದೇ ಸಾಹಸಭೀಮ ವಿಜಯ. ನಾವೆಲ್ಲ ಅದನ್ನು ಗದಾಯುದ್ಧ ಅಂತ ಕರೀತೇವೆ.

ಪಂಪ ತನ್ನ ವಿಕ್ರಮಾರ್ಜುನ ವಿಜಯವನ್ನು 14 ಆಶ್ವಾಸಗಳಲ್ಲಿ ಬರೆದಿದ್ದ. ಅದರ 13ನೆಯ ಆಶ್ವಾಸದ ಕಥೆಯನ್ನು ಎತ್ತಿಕೊಂಡು ರನ್ನ 10 ಆಶ್ವಾಸಗಳ ಕಾವ್ಯ ಮಾಡಿದ. ಹಿಂಡಿದ ಫೈಲನ್ನು ಬಿಡಿಸಿದ ಹಾಗೆ. ಆದರೆ ಅದೇ ಹೊತ್ತಿಗೆ ಅವನು ತಿರುಗುಮುರುಗಿನ ಕೆಲಸವನ್ನೂ ಮಾಡಿದ. ಕಥೆ ನಡೆಯೋದು ಯುದ್ಧದ ಕೊನೆಯ ದಿನ. ಸಿಂಹ ನಡೀತಾ ನಡೀತಾ ಹಿಂದಕ್ಕೆ ತಿರುಗಿ ನೋಡುವ ಹಾಗೆ, ಪಾತ್ರಗಳ ಮಾತಿನಲ್ಲಿ ಹಿಂದಿನ ಭಾರತವೆಲ್ಲ ಬಂದುಹೋಗುತ್ತದೆ. ಇದನ್ನೇ ಸಿಂಹಾವಲೋಕನ ಕ್ರಮ ಅನ್ನೋದು. ಇಡೀ ಮಹಾಭಾರತವನ್ನು ಒಂದು ದಿನದೊಳಗೆ ಮಡಚಿಟ್ಟ.

ಆ ದಿನ ದುರ್ಯೋಧನ ಹೆಣಗಳ ನಡುವೆ ಹೆಜ್ಜೆ ಹಾಕ್ತಾನೆ. ತಮ್ಮ ದುಶ್ಶಾಸನನಿಗೆ ಅಳ್ತಾನೆ, ಗೆಳೆಯ ಕರ್ಣನಿಗೆ ಅಳ್ತಾನೆ, ಮಗ ಲಕ್ಷಣಕುಮಾರನಿಗೆ ಅಳ್ತಾನೆ. ಶತ್ರುವಿನ ಮಗ ಅಭಿಮನ್ಯು ಬಿದ್ದಿರುವ ಕಡೆ ನಿಂತು ಅವನ ಪರಾಕ್ರಮವನ್ನೂ ಹೊಗಳ್ತಾನೆ. ಭೀಮನನ್ನು ನಾಯಕ ಮಾಡಲಿಕ್ಕೆ ಹೊರಟ ಕಾವ್ಯದಲ್ಲಿ ಓದುವವರ ಮನಸ್ಸು ದುರ್ಯೋಧನನ ಕಡೆ ವಾಲುತ್ತದೆ. ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿ ಕೂತವನು ಭೀಮನ ಮೂದಲೆ ತಾಳಲಾರದೆ ಎದ್ದು ಬರುವ ಜಾಗವಂತೂ ಪಾಠದಲ್ಲಿ ಓದಿದ ಎಲ್ಲರಿಗೂ ನೆನಪಿದೆ.

ರನ್ನನಿಗೆ ತನ್ನ ಬೆಲೆ ಚೆನ್ನಾಗಿ ಗೊತ್ತಿತ್ತು. ಸರಸ್ವತಿಯ ಭಂಡಾರದ ಬೀಗಮುದ್ರೆ ಒಡೆದವನು ತಾನು ಅಂತ ಹೇಳಿಕೊಂಡ. ತನ್ನ ಕೃತಿಯನ್ನು ಪರೀಕ್ಷೆ ಮಾಡಲಿಕ್ಕೆ ಬರುವವನಿಗೆ ಎಂಟು ಎದೆ ಇದೆಯೇನು ಅಂತ ಸವಾಲು ಹಾಕಿದ. ಎಂಟು ಬಿಟ್ ಸೇರಿದರೆ ಬೈಟ್, ಎಂಟೆದೆ ಇದ್ದರೆ ರನ್ನನ ಓದುಗ ಅಂತ ನಮ್ಮ ಗುಂಪಿನಲ್ಲಿ ಆಡಿಕೊಳ್ತೇವೆ.

ಹಾಗಾದರೆ ಎಷ್ಟು ಎಂಬಿ?

ಈಗ ಗದಾಯುದ್ಧವನ್ನು ತಕ್ಕಡಿಗೆ ಹಾಕೋಣ. ರನ್ನ ಬರೆದದ್ದು ಚಂಪೂ, ಪದ್ಯ ಗದ್ಯ ಎರಡೂ ಕಲೆತದ್ದು. ಪದ್ಯಗಳಲ್ಲಿ ಕಂದ ಇದೆ, ವೃತ್ತ ಇದೆ. ಕಂದಕ್ಕೆ ಸಾಲಿಗೆ 12, 20, 12, 20, ಹೀಗೆ ಒಟ್ಟು 64 ಮಾತ್ರೆ. ಲಘುವಿಗೆ ಒಂದು, ಗುರುವಿಗೆ ಎರಡು. ವೃತ್ತಗಳಲ್ಲಿ ಚಂಪಕಮಾಲೆಗೆ ಸಾಲಿಗೆ 21 ಅಕ್ಷರ, ನಾಲ್ಕು ಸಾಲಿಗೆ 84. ಗುಣಿತ, ಒತ್ತು ಎಲ್ಲ ಸೇರಿ ಒಂದು ಅಕ್ಷರಕ್ಕೆ ಸರಾಸರಿ 7 ಬೈಟ್ ಅಂತ ನಾವು ಹಿಡಿದೆವು. ಹಾಗಾದರೆ ಒಂದು ಚಂಪಕಮಾಲೆಗೆ 588 ಬೈಟ್. ಕಂದ ಇದರ ಅರ್ಧದ ಆಸುಪಾಸು. ಧಾರಾಳವಾಗಿ ಪದ್ಯಕ್ಕೆ 600 ಬೈಟ್ ಇಡೋಣ. ಗದ್ಯವನ್ನೂ ಕೂಡಿಸಿ ಇಡೀ ಕಾವ್ಯ ಒಂದು ಸಾವಿರ ಪದ್ಯದಷ್ಟು ಅಂತ ಇನ್ನೂ ಧಾರಾಳವಾಗಿ ಹಿಡಿಯೋಣ. ಒಟ್ಟು 6,00,000 ಬೈಟ್.

ಇದನ್ನು ಕೆಬಿಗೆ ಬದಲಾಯಿಸ್ರಿ ಅಂದರೆ ಎರಡು ಉತ್ತರ ಬರ್ತವೆ. ಸಾವಿರದಿಂದ ಭಾಗಿಸಿದರೆ 600. 1024ರಿಂದ ಭಾಗಿಸಿದರೆ 585.9. ಎರಡೂ ಸರಿ! ಕಿಲೋ ಅಂದರೆ ಗ್ರೀಕ್ ಮೂಲದಿಂದ ಸಾವಿರ. ಕಿಲೋಗ್ರಾಂ, ಕಿಲೋಮೀಟರಿನಲ್ಲಿ ಅದೇ ಅರ್ಥ. ಆದರೆ ಕಂಪ್ಯೂಟರಿನ ಮೆಮೊರಿ ಎರಡರ ಘಾತದಲ್ಲಿ ಬೆಳೆಯುತ್ತದೆ. ಎರಡರ ಹತ್ತನೆಯ ಘಾತ 1024, ಸಾವಿರಕ್ಕೆ ಹತ್ತಿರ. ಹತ್ತಿರ ಇದೆಯಲ್ಲ ಅಂತ ಮೊದಲಿನವರು ಅದನ್ನೂ ಕಿಲೋ ಅಂತಲೇ ಕರೆದುಬಿಟ್ಟರು. ಈ ತಂಟೆ ಬಿಡಿಸಲು 1998ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಅಂತ ಬೇರೆ ಹೆಸರು ಕೊಟ್ಟಿತು. ಅಂದರೆ ನಮ್ಮ ಗದಾಯುದ್ಧ 600 ಕಿಲೋಬೈಟ್, ಅಥವಾ 585.9 ಕಿಬಿಬೈಟ್. ಎಂಬಿ ಲೆಕ್ಕದಲ್ಲಿ 0.6. ಒಂದು ಎಂಬಿಯೂ ಆಗಲಿಲ್ಲ.

ಕಿಲೋದಲ್ಲಿ ವ್ಯತ್ಯಾಸ ನೂರಕ್ಕೆ 2.4 ಮಾತ್ರ. ಮೆಗಾಕ್ಕೆ ಬಂದರೆ ಸುಮಾರು 4.9, ಗಿಗಾಕ್ಕೆ 7.4, ಟೆರಾಕ್ಕೆ ಹತ್ತಿರ ಹತ್ತಿರ 10. ಮೆಟ್ಟಿಲು ಏರಿದ ಹಾಗೆ ಅಂತರ ಬೆಳೀತಾ ಹೋಗುತ್ತದೆ. 16 ಜಿಬಿ ಪೆನ್‌ಡ್ರೈವ್ ತಂದು ವಿಂಡೋಸಿಗೆ ಹಚ್ಚಿದರೆ 14.9 ಜಿಬಿ ಅಂತ ತೋರಿಸೋದು ಇದಕ್ಕೇ. ಅಂಗಡಿಯವನು ಮೋಸ ಮಾಡಿಲ್ಲ. ತಯಾರಿಸಿದವರು 1000ದ ಬುಡದಲ್ಲಿ ಬರೆದರು, ವಿಂಡೋಸ್ 1024ರ ಬುಡದಲ್ಲಿ ಓದಿ ಜಿಬಿ ಅಂತಲೇ ಹೆಸರು ಹಚ್ಚಿತು. ಎರಡು-ಎಂಟರ ಬಳೆಯನ್ನು ದಶಮಾಂಶ ಅಂತ ಓದಿದ ಹಾಗೆಯೇ ಇದು. ಮ್ಯಾಕ್ 2009ರಿಂದ ಸಾವಿರದ ಲೆಕ್ಕಕ್ಕೇ ಬಂದಿದೆ.

ಇನ್ನೊಂದು ಪರಿವರ್ತನೆ ಇಂಟರ್‌ನೆಟ್ಟಿನ ವೇಗದ್ದು. ಅದನ್ನು ಬಿಟ್ ಲೆಕ್ಕದಲ್ಲಿ ಹೇಳ್ತಾರೆ. ಸೆಕೆಂಡಿಗೆ 100 ಮೆಗಾಬಿಟ್ ಅಂದರೆ 8ರಿಂದ ಭಾಗಿಸಿ ಸೆಕೆಂಡಿಗೆ 12.5 ಮೆಗಾಬೈಟ್. ಪೂರ್ತಿ ವೇಗ ಸಿಕ್ಕರೆ ಗದಾಯುದ್ಧ ಇಳಿಯಲಿಕ್ಕೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗವೂ ಬೇಡ. ಆ 16 ಜಿಬಿ ಪೆನ್‌ಡ್ರೈವಿನಲ್ಲಿ ಗದಾಯುದ್ಧದ 26,000ಕ್ಕೂ ಹೆಚ್ಚು ಪ್ರತಿ ಹಿಡಿಯುತ್ತವೆ.

ಅತ್ತಿಮಬ್ಬೆಯ ಕಿಲೋ

ಪ್ರತಿ ಅಂದ ಕೂಡಲೇ ರನ್ನನ ಬಾಳಿನ ಬಹುಮುಖ್ಯ ವ್ಯಕ್ತಿಯ ಹತ್ತಿರ ಬರಲೇಬೇಕು. ಅವಳು ದಾನಚಿಂತಾಮಣಿ ಅತ್ತಿಮಬ್ಬೆ. ಚಾಲುಕ್ಯರ ಸೇನಾನಿ ನಾಗದೇವನ ಹೆಂಡತಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಲಕ್ಕುಂಡಿಯ ಬ್ರಹ್ಮಜಿನಾಲಯ ಕಟ್ಟಿಸಿದವಳು. ಎರಡನೆಯ ತೀರ್ಥಂಕರ ಅಜಿತನಾಥನ ಕಥೆಯನ್ನು ರನ್ನನಿಂದ ಬರೆಯಿಸಿದವಳೂ ಅವಳೇ. 12 ಆಶ್ವಾಸಗಳ ಅಜಿತಪುರಾಣ 993ರಲ್ಲಿ ಮುಗಿಯಿತು. ರನ್ನ ತನ್ನ ಮಗಳಿಗೆ ಅತ್ತಿಮಬ್ಬೆ ಅಂತಲೇ ಹೆಸರಿಟ್ಟ.

ಅತ್ತಿಮಬ್ಬೆಯ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ಹಿಂದೆ ಪೊನ್ನನಿಂದ ಶಾಂತಿಪುರಾಣ ಬರೆಯಿಸಿದ್ದರು. ಆ ಗ್ರಂಥ ಅಳಿದುಹೋಗಬಾರದು ಅಂತ ಅತ್ತಿಮಬ್ಬೆ ಅದರ 1000 ಪ್ರತಿ ಮಾಡಿಸಿ ಹಂಚಿದಳು. ಛಾಪಖಾನೆ ಇಲ್ಲದ ಕಾಲ. ಒಂದೊಂದು ಪ್ರತಿಯನ್ನೂ ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಮಸಿ ತಿಕ್ಕಿ, ತೂತು ಮಾಡಿ, ದಾರ ಪೋಣಿಸಿ ಕಟ್ಟಬೇಕು. ಹೀಗೆ ಸಾವಿರ ಸಲ.

ಇದು ಕನ್ನಡದ ಮೊದಲ ಕಿಲೋ ಅಂತ ನಮಗೆ ಅನ್ನಿಸುತ್ತದೆ. ಅದೂ ಅಪ್ಪಟ ಸಾವಿರ, 1024 ಅಲ್ಲ. ಶಾಂತಿಪುರಾಣವೂ 600 ಕೆಬಿ ಅಂತ ಹಿಡಿದರೆ ಸಾವಿರ ಪ್ರತಿಗೆ 600 ಎಂಬಿ, ಒಂದು ಸಿಡಿಯೊಳಗೆ ಕೂಡುತ್ತದೆ. ಆದರೆ ಆ ಸಾವಿರವನ್ನು ಒಂದೇ ಸಿಡಿಗೆ ಹಾಕಿ ಸಿಡಿ ಗೀಚಿಹೋದರೆ ಸಾವಿರವೂ ಒಟ್ಟಿಗೇ ಹೋದ ಹಾಗೆ. ಅತ್ತಿಮಬ್ಬೆ ಮಾಡಿದ್ದು ಅದಲ್ಲ. ಸಾವಿರ ಪ್ರತಿಗಳನ್ನು ಹಂಚಿಬಿಟ್ಟಳು. ಒಂದು ಕಡೆ ಗೆದ್ದಲು ತಿಂದರೆ, ಇನ್ನೊಂದು ಕಡೆ ಬೆಂಕಿ ಬಿದ್ದರೆ, ಮತ್ತೊಂದು ಕಡೆಯದು ಉಳಿಯಲಿ ಅನ್ನೋ ಲೆಕ್ಕ. ಶಾಂತಿಪುರಾಣ ಉಳಿದಿದೆ, ಇವತ್ತೂ ಓದಲು ಸಿಗುತ್ತದೆ.

ಹೆಸರು ಇದೆ, ಫೈಲ್ ಇಲ್ಲ

ರನ್ನನ ಎಲ್ಲ ಕೃತಿಗಳಿಗೂ ಆ ಭಾಗ್ಯ ಸಿಗಲಿಲ್ಲ. ಪರಶುರಾಮಚರಿತ, ಚಕ್ರೇಶ್ವರಚರಿತ ಅಂತ ಇನ್ನೆರಡು ಕಾವ್ಯ ಬರೆದಿದ್ದ ಅನ್ನೋದು ಅವನ ಮಾತಿನಿಂದಲೇ ಗೊತ್ತು. ಮೊದಲನೆಯದು ಸಮರಪರಶುರಾಮ ಅನ್ನೋ ಬಿರುದಿದ್ದ ಚಾವುಂಡರಾಯನನ್ನು ಕುರಿತದ್ದು, ಎರಡನೆಯದು ತೈಲಪನನ್ನು ಕುರಿತದ್ದು ಅಂತ ಊಹೆ. ಎರಡೂ ಸಿಕ್ಕಿಲ್ಲ. ರನ್ನಕಂದ ಅನ್ನೋ ನಿಘಂಟಿನದು ಕೆಲವೇ ಕಂದಗಳು ಉಳಿದಿವೆ. ಡೆಸ್ಕ್‌ಟಾಪಿನ ಮೇಲೆ ಶಾರ್ಟ್‌ಕಟ್ ಇದೆ, ಒತ್ತಿದರೆ ಫೈಲ್ ಇಲ್ಲ ಅನ್ನುತ್ತದಲ್ಲ, ಹಾಗೆ.

ಕಳೆದುಹೋದ ಆ ಎರಡು ಕಾವ್ಯಗಳೂ ಗದಾಯುದ್ಧದಷ್ಟೇ ಗಾತ್ರದವು ಅಂತ ಹಿಡಿದರೆ ಒಟ್ಟು 12,00,000 ಬೈಟ್. ನಮ್ಮ ಸೀನಿಯರುಗಳ ಕಾಲದ ಮೂರೂವರೆ ಇಂಚಿನ ಫ್ಲಾಪಿ ನೆನಪಿದೆಯಾ? ಅದರ ಮೇಲೆ 1.44 ಎಂಬಿ ಅಂತ ಬರೆದಿರ್ತಿತ್ತು. ಎರಡು ಬದಿ, ಬದಿಗೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560 ಬೈಟ್. ಸಾವಿರದ ಲೆಕ್ಕದಲ್ಲಿ ಅದು 1.47 ಎಂಬಿ, 1024ರ ಲೆಕ್ಕದಲ್ಲಿ 1.41. 1.44 ಎಲ್ಲಿಂದ ಬಂತು? 1440 ಕಿಬಿಬೈಟನ್ನು ಸಾವಿರದಿಂದ ಭಾಗಿಸಿದರು! ಒಂದು ಸಲ 1024, ಒಂದು ಸಲ 1000. ಎರಡು ಬುಡ ಕಲೆಸಿ ಮಾಡಿದ ಎಂಬಿ ಅದು. ಇರಲಿ. ಯಾವ ಲೆಕ್ಕದಲ್ಲಿ ಅಳೆದರೂ ರನ್ನನ ಎರಡೂ ಕಾವ್ಯಗಳು ಅದರೊಳಗೆ ಕೂಡ್ತಿದ್ದವು, ಮೇಲೆ ಜಾಗ ಉಳೀತಿತ್ತು. ಒಂದು ಫ್ಲಾಪಿಯಷ್ಟು ಸಾಮಾನು ಹೋಯಿತು, ಸಾವಿರ ವರ್ಷದಿಂದ ಯಾರಿಗೂ ಅದನ್ನು ಮತ್ತೆ ತುಂಬಿಸಲಿಕ್ಕೆ ಆಗಿಲ್ಲ.

ಫ್ಲಾಪಿಯ ಗತಿ ಏನಾಯ್ತು ಅನ್ನೋದನ್ನೂ ನೋಡ್ರಿ. ಈಗಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕುವ ಸಂದೇ ಇಲ್ಲ. ಯೂನಿಕೋಡಿಗೆ ಮೊದಲಿನ ಕನ್ನಡ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಫೈಲುಗಳನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ವಿಚಿತ್ರ ಚಿಹ್ನೆಗಳು ಕಾಣ್ತವೆ. ಬೈಟ್ ಎಲ್ಲಾ ಇದ್ದಲ್ಲೇ ಇವೆ, ಓದಲಿಕ್ಕೆ ಆಗಲ್ಲ. ಜಾಗ ಎಷ್ಟೇ ಅಗ್ಗ ಆದರೂ ಕಾಲಕಾಲಕ್ಕೆ ಹೊಸದಕ್ಕೆ ನಕಲು ಮಾಡುವ ಕೈ ಬೇಕೇ ಬೇಕು. ತಾಳೆಗರಿಯ ಕಾಲದಲ್ಲೂ ಹಾಗೇ ಇತ್ತು.

ನಮ್ಮ ಕಡೆ ಮನೆಗಳಲ್ಲಿ ಇನ್ನೂ ಎಷ್ಟೋ ಕೈಬರಹ ಇವೆ. ಶ್ರೀಕೃಷ್ಣ ಪಾರಿಜಾತದ ಮಾತು-ಹಾಡು ಬರೆದಿಟ್ಟ ನೋಟ್‌ಬುಕ್, ಭಜನಾ ಪದದ ವಹಿ, ಅಜ್ಜ ಬರೆದಿಟ್ಟ ಮನೆ ಮದ್ದಿನ ಪಟ್ಟಿ, ಮಗ್ಗದ ಮನೆಯ ಲೆಕ್ಕದ ಪುಸ್ತಕ. ಇವುಗಳಿಗೆ ಅತ್ತಿಮಬ್ಬೆ ಯಾರೂ ಇಲ್ಲ. 200 ಪುಟದ ಒಂದು ನೋಟ್‌ಬುಕ್ ತಗೊಳ್ರಿ. ಮೊಬೈಲಿನಲ್ಲಿ ಪುಟಕ್ಕೆ 3 ಎಂಬಿಯ ಫೋಟೋ ಹಿಡಿದರೆ 600 ಎಂಬಿ. ಅದನ್ನೇ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದರೆ, ಪುಟಕ್ಕೆ ಸಾವಿರ ಸಂಕೇತದಂತೆ 3 ಕೆಬಿ, ಒಟ್ಟು 600 ಕೆಬಿ. ಫೋಟೋದಲ್ಲಿ ಕೈಬರಹದ ರೂಪ ಉಳಿಯುತ್ತದೆ, ಬೆರಳಚ್ಚಿನಲ್ಲಿ ಹುಡುಕುವ ಅನುಕೂಲ ಸಿಗುತ್ತದೆ. ಎರಡನ್ನೂ ಇಟ್ಟರೂ 601 ಎಂಬಿ ಮುಟ್ಟೋದಿಲ್ಲ.

ಮುಂದಿನ ರಜೆಗೆ ಮುಧೋಳಕ್ಕೋ ಜಮಖಂಡಿಗೋ ಬೀಳಗಿಗೋ ಬನಹಟ್ಟಿಗೋ ಹೋದವರು ಮನೆಯ ಹಿರಿಯರನ್ನು ಕೇಳಿ ಅಂಥದ್ದೊಂದನ್ನು ಹುಡುಕಿ ತೆಗೀರಿ. ಮೂರು ಪ್ರತಿ ಮಾಡ್ರಿ. ಒಂದು ಮನೆಯಲ್ಲಿ, ಒಂದು ಗೆಳೆಯರ ಹತ್ತಿರ, ಒಂದು ಆನ್‌ಲೈನಿನಲ್ಲಿ ಇಡ್ರಿ. ಮೂರನ್ನೂ ಒಂದೇ ಪೆನ್‌ಡ್ರೈವಿನಲ್ಲಿ ಮಾತ್ರ ಇಡಬೇಡ್ರಿ.